ಬೆಳ್ಳಿ ನಾಲಿಗೆ

೧೫ ನವೆಂಬರ್ ೧೯೯೯, ಸೋಮವಾರ

ಕಾರ್ತಿಕದ ಮೊದಲ ಸೋಮವಾರ. ಒಪ್ಪೊತ್ತು. ಸಂಜೆ ದೀಪ ಹಚ್ಚುವ ತನಕ ನೀರು ಬಿಟ್ಟು ಬೇರೇನೂ ಇಲ್ಲ. ಐದಕ್ಕೆ ಎದ್ದು ಕೈಪಂಪು ಹೊಡೆದು ಎಂಟು ಕೊಡ ಕುಡಿಯುವ ನೀರು ತುಂಬಿಸಿದೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಮಳೆ ಬಂದು ಅರ್ಧ ಅಳಿಸಿಹೋಯಿತು. ಮಗಳು ವಿನೋದಾ ಬ್ಯಾಂಕಿಗೆ, ಅಳಿಯಂದಿರು ರೈಲ್ವೆ ಆಫೀಸಿಗೆ ಹೊರಡುವಷ್ಟರಲ್ಲಿ ಇಬ್ಬರ ಡಬ್ಬಿ ಕಟ್ಟಿ, ಮೊಮ್ಮಗಳು ನಿಖಿತಾಳ ಜಡೆ ಹೆಣೆದು ಶಾಲೆಗೆ ಬಿಟ್ಟು ಬಂದೆ.

ಮಧ್ಯಾಹ್ನ ಕರೆತರಲು ಹೋದಾಗ ಹೆಡ್‌ಮಿಸ್ ಒಂದು ಚೀಟಿ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಸಂಜೆ ವಿನೋದಾ ಓದಿ ಹೇಳಿದಳು. ಮಗು ಮಾತಾಡುವುದು ಟೀಚರುಗಳಿಗೂ ತಿಳಿಯುವುದಿಲ್ಲ, ಜೊತೆ ಮಕ್ಕಳಿಗೂ ತಿಳಿಯುವುದಿಲ್ಲ, ಬುದ್ಧಿ ಎಷ್ಟಿದೆಯೋ ಎಂದು ಅನುಮಾನ. ಕ್ರಿಸ್ಮಸ್ ರಜೆಯೊಳಗೆ ತಿಳಿದವರಿಂದ ಪರೀಕ್ಷೆ ಮಾಡಿಸಿ ಕಾಗದ ತರಬೇಕು. ತರದಿದ್ದರೆ ಒಂದನೇ ಕ್ಲಾಸಿಗೆ ಹತ್ತಿಸುವುದಿಲ್ಲ, ಮಂದಬುದ್ಧಿ ಮಕ್ಕಳ ಶಾಲೆ ನೋಡಿಕೊಳ್ಳಿ.

ವಿನೋದಾ ಚೀಟಿ ಮಡಿಸಿ ಅಡಿಗೆಮನೆಗೆ ಹೋಗಿ ಅತ್ತಳು. ನಲ್ಲಿ ತಿರುಗಿಸಿಕೊಂಡು ಅತ್ತಳು, ನಮಗೆ ಕೇಳಬಾರದೆಂದು.

ನನಗೇನೋ ಮಗುವಿನ ಮಾತು ಒಂದಕ್ಷರ ಬಿಡದೆ ತಿಳಿಯುತ್ತದೆ. ಶಾಲೆಯಿಂದ ಬರುವಾಗ ಮೂಲೆಯ ತಮಿಳು ಅಂಗಡಿಯಲ್ಲಿ "ತಡಲೈ ಮಿಟ್ಟಾಯಿ" ಎಂದಳು. ಅಂಗಡಿಯವನು ನನ್ನ ಮುಖ ನೋಡಿದ. ಕಡಲೆ ಮಿಠಾಯಿ ಅಂದೆ, ಕೊಟ್ಟ. ಇಷ್ಟೇ ತಾನೆ? ನಾನಿದ್ದೇನಲ್ಲ.

ನಂಜುಂಡೇಶ್ವರಾ, ಈ ಕೂಸಿನ ನಾಲಿಗೆ ತಿರುಗಿದರೆ ನಿನ್ನ ಹುಂಡಿಗೆ ಬೆಳ್ಳಿ ನಾಲಿಗೆ ಹಾಕಿಸುತ್ತೇನೆ. ದೀಪದ ಮುಂದೆ ಹೇಳಿಕೊಂಡೆ.

೧೭ ನವೆಂಬರ್, ಬುಧವಾರ

ಮಗುವಿನ ಪರೀಕ್ಷೆಗೆ ಟ್ರಿಪ್ಲಿಕೇನಿಗೆ ಹೋಗಿದ್ದೆವು. ಅಳಿಯಂದಿರು ಅರ್ಧ ದಿನ ರಜೆ ಹಾಕಿದರು. ವಿನೋದಾಳಿಗೆ ರಜೆ ಸಿಗಲಿಲ್ಲ. ಕೆಳಗೆ ಮೆಸ್ಸು, ಮೇಲೆ ಮಾತಿನ ಕ್ಲಿನಿಕ್ಕು. ಮೆಟ್ಟಿಲು ಹತ್ತುವಾಗಲೇ ಸಾಂಬಾರಿನ ವಾಸನೆಗೆ ನಿಖಿತಾ "ಅದ್ದಿ, ನಂದೆ ಹಸಿವು" ಎಂದು ಸೆರಗು ಜಗ್ಗಿದಳು.

ಪರೀಕ್ಷೆ ಮಾಡುವವಳು ನೀರಜಾ ಅಂತ, ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಡಾಕ್ಟರಮ್ಮ ಅಂದರೆ "ನಾನು ಡಾಕ್ಟರ್ ಇಲ್ಲ ಅಮ್ಮಾ" ಅನ್ನುತ್ತಾಳೆ. ತಮಿಳಿನವಳು, ಮೈಸೂರಿನಲ್ಲಿ ನಾಲ್ಕು ವರ್ಷ ಓದಿದ್ದಾಳೆ. ಕನ್ನಡ ಎಡವುತ್ತದೆ, ನಿಲ್ಲುವುದಿಲ್ಲ.

ಮಗುವನ್ನು ಕೇಳಿದಳು, "ನಿನ್ನ ಹೆಸರೇನು ಪಾಪು?"

"ನಿಖಿತಾ" ಅಂದೆ.

"ಎಷ್ಟು ವಯಸ್ಸು?"

"ಆರು ನಡೀತಿದೆ" ಅಂದೆ.

"ಯಾವ ಸ್ಕೂಲು?" ನಾನು ಬಾಯಿ ತೆರೆದೆ. ಅವಳು ಎದ್ದು, ನನ್ನನ್ನೂ ಎಬ್ಬಿಸಿ, ನನ್ನ ಕುರ್ಚಿಯನ್ನು ಎತ್ತಿ ಬಾಗಿಲ ಹತ್ತಿರ ಹಾಕಿದಳು. "ಅಮ್ಮಾ, ನಾನು ಪಾಪೂನ ಕೇಳ್ದೆ. ನೀವು ಹೇಳ್‌ಕೂಡಾದು. ನಾನು ಕೇಳ್ದಾಗ ನೀವು ಮನಸ್ಸಲ್ಲಿ ಹತ್ತು ಎಣಿಸಿ."

ಅಳಿಯಂದಿರು ಕಿಟಕಿ ಕಡೆ ತಿರುಗಿ ನಕ್ಕರು. ಅವಳು ಮಗುವನ್ನು ಮತ್ತೆ ಹೆಸರು ಕೇಳಿದಳು. ಎಣಿಸುವುದೇನು, ಹತ್ತು ಸಲ ನಮಃ ಶಿವಾಯ ಹೇಳಿಕೊಂಡೆ. ಏಳನೆಯದಕ್ಕೆ ಮಗು ನೆಲ ನೋಡುತ್ತಾ "ನಿತಿತಾ" ಎಂದಿತು.

ಮೊದಲು ಕಿವಿ. ತಲೆಗೆ ದೊಡ್ಡ ಕಿವಿಯಂಥದ್ದು ಹಾಕಿ, ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕು ಅಂದಳು. ಒಂದು ಮಣಿಯನ್ನೂ ತಪ್ಪಿಸಲಿಲ್ಲ ನನ್ನ ಕೂಸು. ಕಿವಿ ಸರಿಯಿದೆ. ಮೂರು ಭಾಷೆಯ ನಡುವೆ ಬೆಳೆದದ್ದಕ್ಕೆ ಹೀಗಾಯಿತೇ ಎಂದು ಅಳಿಯಂದಿರು ಕೇಳಿದರು. ಅದರಿಂದ ಹೀಗಾಗುವುದಿಲ್ಲ ಅಂದಳು.

ಆಮೇಲೆ ಫಾರಂ ತುಂಬಿಸಿದಳು. ಹೆರಿಗೆ ಹೇಗಾಯಿತು, ಕಿವಿ ಸೋರಿತ್ತಾ, ಮೊದಲ ಮಾತು ಯಾವಾಗ. ಕೊನೆಗೆ, "ಕುಟುಂಬದಲ್ಲಿ ಯಾರಾದ್ರೂ ಹೀಗೆ ಮಾತಾಡ್ತಿದ್ರಾ? ಮಾತು ತಡ, ಮಾತು ಸ್ಪಷ್ಟ ಇಲ್ಲ?"

ಅಳಿಯಂದಿರು "ನಮ್ಮ ಕಡೆ ಇಲ್ಲ" ಅಂದರು.

"ನಮ್ಮ ಕಡೆನೂ ಯಾರೂ ಇಲ್ಲ" ಅಂದೆ.

ಹೆಣ್ಣಿನ ಕಡೆಯಿಂದ ಬಂದದ್ದು ಅಂತ ಒಂದು ಮಾತು ಯಾಕೆ ಬರಬೇಕು. ಅವಳು ಬರೆದುಕೊಂಡಳು.

೧೯ ನವೆಂಬರ್, ಶುಕ್ರವಾರ

ಮುಂದಿನ ಬುಧವಾರ ಚಿತ್ರದ ಕಾರ್ಡು ತೋರಿಸಿ ಹೆಸರು ಹೇಳಿಸುತ್ತಾಳಂತೆ. ಮೇಜಿನ ಮೇಲೆ ಹರಡಿದ್ದಾಗ ನಾನು ನೋಡಿಕೊಂಡು ಬಂದಿದ್ದೇನೆ. ಕಾಗೆ, ಗಿಳಿ, ಗಡಿಯಾರ, ಚಾಕು, ಬೆಕ್ಕು, ಜಡೆ, ಕೊಡೆ. ಪರೀಕ್ಷೆ ಅಂದ ಮೇಲೆ ಓದಿಸಿ ಕಳಿಸಬೇಡವೇ.

ಉಪ್ಪುನೀರು ಬಾಯಿಗೆ ಹಾಕಿ ಗಳಗಳ ಮುಕ್ಕಳಿಸಲು ಹೇಳಿದೆ. ಉಗಿದ ಕೂಡಲೇ "ಗ ಅನ್ನು" ಅಂದೆ. ಬಂತು! ಗಂಟಲಿನಿಂದ ಬಂತು. ಅದನ್ನೇ ಹಿಡಿದು ಬೆಳಿಗ್ಗೆ ಸಂಜೆ ಸ್ತೋತ್ರ ಹೇಳಿಸಿದ ಹಾಗೆ ಹೇಳಿಸುತ್ತಿದ್ದೇನೆ. ನಾನು ಕಾ-ಗೆ ಅಂದರೆ ಅವಳೂ ಕಾ-ಗೆ ಅನ್ನುತ್ತಾಳೆ. ಸಾಕಾಗಿ ಅಳುತ್ತಾಳೆ. ಅಳಲಿ, ಪಾಸಾಗಲಿ.

೨೪ ನವೆಂಬರ್, ಬುಧವಾರ

ಇವತ್ತು ನಾವಿಬ್ಬರೇ ಹೋದೆವು. ನೀರಜಾ ಕಡ್ಡಿಯಲ್ಲಿ ನಾಲಿಗೆ ಒತ್ತಿ, ಟಾರ್ಚು ಬಿಟ್ಟು ಅಂಗುಳು ನೋಡಿದಳು. ನಾಲಿಗೆ ಚಾಚು, ಮೇಲೆತ್ತು, ಕೆನ್ನೆ ಉಬ್ಬಿಸು. ಪ-ತ-ಕ ಬೇಗ ಬೇಗ ಹೇಳು. ಪ-ತ-ತ ಎಂದು ಓಡಿಸಿತು ಕೂಸು.

ಆಮೇಲೆ ಕಾರ್ಡು. ಕಾ-ಗೆ. ಗಿ-ಳಿ. ಎರಡು ಕೈ ಕಟ್ಟಿಕೊಂಡು, ಒಂದೊಂದಕ್ಷರವನ್ನೂ ಎಳೆದು. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಹಿಗ್ಗಿದೆ. ಹನ್ನೆರಡು ಕಾರ್ಡು ಆದ ಮೇಲೆ ನೀರಜಾ ಪೆನ್ನು ಕೆಳಗಿಟ್ಟಳು. ಗೊಂಬೆಯ ಪೆಟ್ಟಿಗೆ ತೆಗೆದು, "ಈ ಕಾಗೆ ಏನು ಮಾಡ್ತಿದೆ ಪಾಪು?" ಅಂದಳು.

"ತಾದೆ ತಿಟತೀಲಿ ತೂತಿದೆ" ಎಂದಿತು ಮಗು. ಕಾಗೆ ಕಿಟಕೀಲಿ ಕೂತಿದೆ. ಆಟದ ಖುಷಿಯಲ್ಲಿ ಎಲ್ಲ ಹೋಯಿತು.

ನೀರಜಾ ನನ್ನ ಕಡೆ ತಿರುಗಿದಳು. "ಅಮ್ಮಾ, ಯಾರು ಟ್ಯೂಶನ್ ಕೊಟ್ಟಿದ್ದು?"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮುಕ್ಕಳಿಸಿದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಇದು ಪಾಸು ಫೇಲಿನ ಪರೀಕ್ಷೆ ಅಲ್ಲ, ಮಗು ಎಲ್ಲಿ ಎಡವುತ್ತದೆ ಅಂತ ನೋಡಬೇಕು, ನೀವು ಆ ಜಾಗ ಮುಚ್ಚಿಬಿಟ್ಟರೆ ನನಗೆ ಕಾಣುವುದು ಹೇಗೆ ಅಂದಳು. ಆದರೂ ಒಂದು ಒಳ್ಳೆಯದಾಯಿತಂತೆ. ಹೇಳಿಕೊಟ್ಟರೆ ಬಾಯಿಗೆ ಬರುತ್ತದೆ ಎಂದು ಗೊತ್ತಾಯಿತಂತೆ. ಕೆಲವು ಮಕ್ಕಳಿಗೆ ನಾಲಿಗೆ ಆ ಜಾಗಕ್ಕೆ ಹೋಗುವುದೇ ಇಲ್ಲ. ಇವಳಿಗೆ ಹೋಗುತ್ತದೆ. ಆದರೆ ಬಾಯಿಯ ಹಿಂದುಗಡೆ ಹುಟ್ಟುವ ಅಕ್ಷರಗಳನ್ನೆಲ್ಲ ಮುಂದಕ್ಕೆ ತಂದುಬಿಡುವುದು ಅವಳ ತಲೆಯಲ್ಲಿ ಒಂದು ಕ್ರಮವಾಗಿ ಕೂತಿದೆ. ಕ ಬರುವ ಕಡೆಯೆಲ್ಲ ತ, ಗ ಬರುವ ಕಡೆಯೆಲ್ಲ ದ.

"ಕೈ ಸರಿ ಇದೆ, ಚುಕ್ಕಿ ಇಡೋ ಲೆಕ್ಕ ಬೇರೆ ಕಲಿತಿದೆ, ಹಾಗಾ?" ಅಂದೆ. ರಂಗೋಲಿ ನನಗೆ ತಿಳಿದ ವಿದ್ಯೆ.

"ಅದೇ ಅಮ್ಮಾ! ನಾಲಿಗೇದು ತಪ್ಪಿಲ್ಲ."

"ಮತ್ತೆ ಬುದ್ಧಿ?"

"ಬುದ್ಧಿ ಫಸ್ಟ್ ಕ್ಲಾಸ್. ದಡ್ಡ ಮಗು ಹೀಗೆ ಒಂದೇ ಥರ ತಪ್ಪು ಮಾಡತ್ತಾ? ಇದಕ್ಕೂ ದಡ್ಡತನಕ್ಕೂ ಸಂಬಂಧವೇ ಇಲ್ಲ."

ಬಸ್ಸಿನಲ್ಲಿ ಮಗು ತೊಡೆಯ ಮೇಲೆ ನಿದ್ದೆ ಹೋಯಿತು. ಸಂತೋಷವಾಗಬೇಕಿತ್ತು. ಆಗಲಿಲ್ಲ.

೨೫ ನವೆಂಬರ್, ಗುರುವಾರ

ಮಳೆ. ಎಲ್ಲೂ ಹೋಗಲಿಲ್ಲ.

ತಾದೆ. ಆ ಮಾತು ನಾನು ಮೊದಲು ಕೇಳಿದ್ದು ಈ ಮಗುವಿನ ಬಾಯಲ್ಲಿ ಅಲ್ಲ.

೨೯ ನವೆಂಬರ್, ಸೋಮವಾರ

ಮೂರನೆಯ ಸೋಮವಾರ. ಒಪ್ಪೊತ್ತು. ಪೂಜೆ ಮುಗಿಸಿ ಪುರಸೈವಾಕ್ಕಂ ದೊಡ್ಡ ರಸ್ತೆಗೆ ಹೋಗಿ ಬೆಳ್ಳಿ ಅಂಗಡಿಯಲ್ಲಿ ಕೇಳಿದೆ. ಕಣ್ಣು, ಕೈ, ಕಾಲು ತಟ್ಟೆ ತುಂಬ ಇಟ್ಟಿದ್ದಾನೆ. ನಾಲಿಗೆ ಅಂದರೆ "ನಾಕ್ಕಾ?" ಎಂದು ಕನ್ನಡಕ ಏರಿಸಿ ನೋಡಿದ. ಒಳಗೆ ಹುಡುಕಿ ಒಂದನ್ನು ತಂದ. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ನಡುವೆ ಒಂದು ಗೆರೆ. ತಂದು ದೇವರ ಮುಂದಿಟ್ಟೆ.

ನಾಲಿಗೆಯದು ತಪ್ಪಿಲ್ಲ ಅಂದಿದ್ದಾಳೆ. ಹರಕೆ ಹೊತ್ತದ್ದು ಹೊತ್ತದ್ದೇ. ತಪ್ಪಿಸಲಾಗದು.

೧ ಡಿಸೆಂಬರ್, ಬುಧವಾರ

ಇವತ್ತು ವಿನೋದಾ ಕೂಡ ಬಂದಿದ್ದಳು. ನೀರಜಾ ಮಗುವಿನ ಜೊತೆ ಅಡಿಗೆ ಆಟ ಆಡುತ್ತಾ ಮಾತಾಡಿಸಿ ಎಲ್ಲವನ್ನೂ ಕ್ಯಾಸೆಟ್ಟಿಗೆ ಹಿಡಿದಳು. ಆಮೇಲೆ ಕೆಳಗಿನ ಮೆಸ್ಸಿನಿಂದ ಮೈಸೂರು ಕಡೆಯ ಅಡಿಗೆಯವರೊಬ್ಬರನ್ನು ಕರೆಸಿದಳು. ಮಗುವನ್ನು ಅವರು ಕಂಡವರಲ್ಲ. ಗುರುತಿಲ್ಲದವರಿಗೆ ಎಷ್ಟು ತಿಳಿಯುತ್ತದೆ ಎಂದು ನೋಡುವುದೂ ಪರೀಕ್ಷೆಯ ಭಾಗವಂತೆ. ಆತ ಟೇಪಿಗೆ ಕಿವಿ ಕೊಟ್ಟು ಕೂತ. ನೂರು ಮಾತಿನಲ್ಲಿ ಇಪ್ಪತ್ತು ಹೇಳಿದನೋ ಇಲ್ಲವೋ. "ಯಾವ ಭಾಷೆ ಮೇಡಂ ಇದು?" ಅಂದ. ವಿನೋದಾಳ ಮುಖ ಸಣ್ಣದಾಯಿತು.

ಅವಳ ಸರದಿ ಬಂದಾಗ ಅರವತ್ತು ಹೇಳಿದಳು. ಹೆತ್ತ ತಾಯಿ. ಉಳಿದದ್ದಕ್ಕೆ ತಲೆ ಆಡಿಸಿದಳು.

ನನ್ನ ಸರದಿ. ನೀರಜಾ ಒಂದೊಂದು ವಾಕ್ಯ ಹಾಕಿ ನಿಲ್ಲಿಸಿದಳು, ನಾನು ಹೇಳುತ್ತಾ ಹೋದೆ. ಒಂದೂ ಬಿಡಲಿಲ್ಲ. ಕೆಲವನ್ನು ಟೇಪು ಮುಗಿಯುವ ಮೊದಲೇ ಹೇಳಿದೆ.

ನೀರಜಾ ಟೇಪು ನಿಲ್ಲಿಸಿ ನನ್ನನ್ನೇ ನೋಡಿದಳು. "ಅಮ್ಮಾ, ಯಾರಿಗೂ ನೂರಕ್ಕೆ ನೂರು ಬರಲ್ಲ. ತಾಯಿಗೂ ಬರಲ್ಲ. ನೀವು ಇದನ್ನ ಎಲ್ಲಿ ಕಲಿತ್ರಿ?"

"ದಿನಾ ಕೇಳ್ತೀನಲ್ಲ" ಅಂದೆ.

ಅವಳು ನೋಡುತ್ತಲೇ ಇದ್ದಳು. ಹತ್ತು ಎಣಿಸುತ್ತಿದ್ದಳೋ ಏನೋ. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.

೨ ಡಿಸೆಂಬರ್, ಗುರುವಾರ

ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

೩ ಡಿಸೆಂಬರ್, ಶುಕ್ರವಾರ

ಬರೆದುಬಿಡುತ್ತೇನೆ. ಬರೆಯದಿದ್ದರೆ ಎದೆಯಲ್ಲಿ ಇಳಿಯದು.

ನನಗೆ ಒಬ್ಬಳು ತಂಗಿ ಇದ್ದಾಳೆ. ಹುಚ್ಚಮ್ಮ. ಊರಿನಲ್ಲಿ ತಮ್ಮ ನಂಜುಂಡನ ಮನೆಯಲ್ಲಿ ಎಮ್ಮೆ ನೋಡಿಕೊಂಡಿದ್ದಾಳೆ. ನನಗಿಂತ ಮೂರು ವರ್ಷ ಚಿಕ್ಕವಳು, ಮದುವೆಯಾಗಲಿಲ್ಲ. ಊರಮ್ಮನ ಹೆಸರು ಅಂತ ಅಪ್ಪ ಪ್ರೀತಿಯಿಂದ ಇಟ್ಟದ್ದು. ಆಮೇಲೆ ಊರಿನವರು ಅದನ್ನು ಹೆಸರಿನ ಹಾಗೆ ಕರೆಯಲಿಲ್ಲ.

ಅವಳದ್ದೂ ಇದೇ ಮಾತು. ಕ ಇಲ್ಲ, ಗ ಇಲ್ಲ, ಜ ಇಲ್ಲ. ನನ್ನನ್ನು ದಯತ್ತ ಅನ್ನುತ್ತಿದ್ದಳು, ಜಯಕ್ಕ ಅನ್ನಲು ಬಾರದೆ. ಅವ್ವನಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದೆವು. ಬೆಳಗಾಗುವ ತನಕ ಮಾತಾಡುತ್ತಿದ್ದಳು. ಎಷ್ಟು ಮಾತಾಡುತ್ತಿದ್ದಳು!

ನಾನು ನಾಲ್ಕನೇ ಕ್ಲಾಸು, ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಇನ್‌ಸ್ಪೆಕ್ಟರು ಬಂದರು. ನಮ್ಮದು ಒಂದೇ ಕೋಣೆಯ ಶಾಲೆ, ಸಾಲಿಗೊಂದು ಕ್ಲಾಸು. ಆ ದಿನ ಸ್ವಾಗತದ ಪದ್ಯ ಹೇಳಬೇಕಾಗಿದ್ದವಳು ನಾನು. ಹೊಸ ಲಂಗ ಹಾಕಿದ್ದೆ. ಇನ್‌ಸ್ಪೆಕ್ಟರು ಎರಡನೇ ಸಾಲನ್ನು ಕೇಳಿದರು, ನೀರಿನಲ್ಲೂ ನೆಲದ ಮೇಲೂ ಬದುಕುವ ಪ್ರಾಣಿ ಯಾವುದು. ಯಾರೂ ಕೈ ಎತ್ತಲಿಲ್ಲ. ಇವಳು ತಾನಾಗಿ ಎದ್ದು ನಿಂತಳು.

"ತಪ್ಪೆ ಸಾ. ಮಳೆದಾಲ್ದಲ್ಲಿ ತೆರೆಯಿಂದ ದದ್ದೆದೆ ಬತ್ತದೆ."

ಕಪ್ಪೆ ಸಾ, ಮಳೆಗಾಲದಲ್ಲಿ ಕೆರೆಯಿಂದ ಗದ್ದೆಗೆ ಬರುತ್ತದೆ. ಹಿಂದಿನ ದಿನ ಗದ್ದೆಯ ಬದುವಿನಲ್ಲಿ ನಾವಿಬ್ಬರೂ ನೋಡಿದ್ದೆವು.

ಶಾಲೆಯೆಲ್ಲ ನಕ್ಕಿತು. ಅವಳು ಇನ್ನೊಮ್ಮೆ ಹೇಳಿದಳು, ಗಟ್ಟಿಯಾಗಿ. ಇನ್ನೂ ಜೋರಾಗಿ ನಕ್ಕರು. ಇನ್‌ಸ್ಪೆಕ್ಟರು ನಗಲಿಲ್ಲ. "ಏನು ಹೇಳ್ತಾಳೆ ಈ ಹುಡುಗಿ? ಯಾರಿಗಾದರೂ ತಿಳಿಯಿತೇ?" ಎಂದು ಕೇಳಿದರು. ಒಳ್ಳೆಯ ಮನುಷ್ಯ, ನಿಜವಾಗಿ ಕೇಳಿದರು. ಮೇಷ್ಟ್ರು ನನ್ನ ಕಡೆ ನೋಡಿ, "ಜಯಾ, ನಿನ್ನ ತಂಗಿ ಅಲ್ವೇನೆ? ಏನಂದಳು?" ಎಂದರು. ಅವಳೂ ನನ್ನ ಕಡೆ ತಿರುಗಿದಳು. ನಗುತ್ತಾ ತಿರುಗಿದಳು. ಅಕ್ಕ ಹೇಳುತ್ತಾಳೆ ಅಂತ.

"ನಂಗೆ ಗೊತ್ತಿಲ್ಲ ಸಾ" ಅಂದೆ.

ಎಲ್ಲರೂ ನಗುವವಳ ಅಕ್ಕ ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು. ಅಷ್ಟೇ ಕಾರಣ. ಬೇರೆ ಕಾರಣ ಇಲ್ಲ.

ಮೇಷ್ಟ್ರು ಅಪ್ಪನಿಗೆ ಹೇಳಿ ಕಳಿಸಿದರು, ಇವಳಿಗೆ ವಿದ್ಯೆ ಹತ್ತುವುದಿಲ್ಲ, ಮನೆಗೆಲಸ ಕಲಿಸಿ. ಮಾರನೆಯ ದಿನದಿಂದ ಅವಳು ಎಮ್ಮೆಯ ಹಿಂದೆ ಹೋದಳು. ನಾನು ಆರನೇ ಕ್ಲಾಸಿನ ತನಕ ಓದಿ ಇವತ್ತು ಇಲ್ಲಿ ಕೂತು ಬರೆಯುತ್ತಿದ್ದೇನೆ.

ನಾಲಿಗೆಯದು ತಪ್ಪಿಲ್ಲ. ಬುದ್ಧಿ ಫಸ್ಟ್ ಕ್ಲಾಸ್.

ಆ ದಿನ ಒಮ್ಮೆ ಗೊತ್ತಿಲ್ಲ ಅಂದೆ. ಹದಿನೈದು ದಿನದ ಹಿಂದೆ ಇನ್ನೊಮ್ಮೆ, ಯಾರೂ ಇಲ್ಲ ಅಂದೆ.

೬ ಡಿಸೆಂಬರ್, ಸೋಮವಾರ

ಕಡೆಯ ಕಾರ್ತಿಕ ಸೋಮವಾರ. ದೀಪ ಹಚ್ಚಿದೆ, ಊಟ ಇಳಿಯಲಿಲ್ಲ. ವಿನೋದಾಳನ್ನೂ ಅಳಿಯಂದಿರನ್ನೂ ಕೂರಿಸಿಕೊಂಡು ಹೇಳಿದೆ.

ವಿನೋದಾ ಎದ್ದು ಹೋಗಿ ಮಲಗಿದ್ದ ಮಗುವಿಗೆ ಹೊದಿಸಿ ಬಂದಳು. ಆಮೇಲೆ, "ಚಿಕ್ಕಮ್ಮ ಮಾತಾಡ್ತಿದ್ರಾ ಅಮ್ಮ? ನಾನು ಮೂಗಿ ಅಂದ್ಕೊಂಡಿದ್ದೆ" ಅಂದಳು.

ಮೂವತ್ತು ವರ್ಷದ ಮಗಳು. ಪ್ರತಿ ಬೇಸಿಗೆ ರಜೆಗೂ ಆ ಮನೆಗೆ ಹೋಗಿ, ಆ ಕೈಯಿಂದ ಹಾಲು ಕುಡಿದು ಬೆಳೆದವಳು.

ಅಳಿಯಂದಿರು ಚಾಪೆಯ ಅಂಚು ಕೀಳುತ್ತಾ, "ಅತ್ತೆ, ಒಂದ್ ವಿಷಯ. ನಮ್ಮ ದೊಡ್ಡಪ್ಪಾನೂ ಹೀಗೇ ಮಾತಾಡ್ತಿದ್ರು. ಹತ್ತು ವರ್ಷದವರೆಗೆ" ಅಂದರು.

"ಮತ್ತೆ ಆವತ್ತು ಇಲ್ಲ ಅಂದ್ರಿ?"

"ನೀವು ಎದುರಿಗಿದ್ರಲ್ಲ."

ವಿನೋದಾ ನಕ್ಕುಬಿಟ್ಟಳು, ಕಣ್ಣಲ್ಲಿ ನೀರಿಟ್ಟುಕೊಂಡು. "ಚೆನ್ನಾಗಿದೆ ನಿಮ್ಮಿಬ್ಬರದು. ಮಗು ಒಂದೇ ಸರಿಯಾಗಿ ಮಾತಾಡದೆ ಇರೋದು ಅಂದ್ಕೊಂಡಿದ್ದೆ." ನನಗೂ ನಗು ಬಂತು. ಆದರೆ ಅವರದು ಮುಚ್ಚಿಟ್ಟದ್ದು, ಅಷ್ಟೇ. ನನ್ನದು ಅಷ್ಟಕ್ಕೇ ಮುಗಿಯುವುದಿಲ್ಲ.

೮ ಡಿಸೆಂಬರ್, ಬುಧವಾರ

ನೀರಜಾಳಿಗೆ ಎಲ್ಲ ಹೇಳಿದೆ. ಫಾರಂ ತೆಗೆದು ತಿದ್ದಿಕೊಂಡಳು. ಪರವಾಗಿಲ್ಲ ಬಿಡಿ ಎನ್ನುತ್ತಾಳೇನೋ ಅಂದುಕೊಂಡಿದ್ದೆ. ಅನ್ನಲಿಲ್ಲ. ಪೆನ್ನು ಹಿಡಿದುಕೊಂಡೇ ಕೇಳಿದಳು, "ಈಗ ಅವರು ಹೇಗೆ ಮಾತಾಡ್ತಾರೆ?"

"ತಲೆ ಆಡಿಸ್ತಾಳೆ. ಹೂಂ ಅಂತಾಳೆ."

"ಎಷ್ಟು ವರ್ಷದಿಂದ?"

ಅವಳ ಒಂದೊಂದು ಮಾತೂ ತಿಳಿಯುತ್ತಿದ್ದವಳು ನಾನು. ಅದು ಯಾವಾಗ ನಿಂತಿತು ಎಂದು ನನಗೆ ಗೊತ್ತಿಲ್ಲ. ಮದುವೆಯಾಗಿ ಹೋದೆ, ಬಾಣಂತನಕ್ಕೆ ಬಂದೆ, ಹಬ್ಬಕ್ಕೆ ಬಂದೆ, ಯಜಮಾನರು ತೀರಿಕೊಂಡ ವರ್ಷ ಬಂದು ಒಂದು ತಿಂಗಳಿದ್ದೆ. ಕುಂಕುಮವಿಲ್ಲದ ನನ್ನ ಹಣೆ ನೋಡಿ ಅವಳು ನನ್ನ ಕೈ ಹಿಡಿದುಕೊಂಡು ಕೂತಿದ್ದು ನೆನಪಿದೆ. ಮಾತಾಡಿದ್ದು ನೆನಪಿಲ್ಲ. ಮಾತಾಡಲಿಲ್ಲವೆಂದು ಆಗ ನನಗೆ ಅನ್ನಿಸಲೂ ಇಲ್ಲ.

"ಈಗ ಸರಿ ಮಾಡಬಹುದಾ?" ಎಂದು ಕೇಳಿದೆ. "ಶಾಲೆ ಬಿಡಿಸಿ ನಲವತ್ತೇಳು ವರ್ಷ ಆಯ್ತು."

"ಅವರ ಮಾತು ಕೇಳ್ದೆ ನಾನು ಏನೂ ಹೇಳಲಾರೆ ಅಮ್ಮಾ. ಸುಮ್ನೆ ಆಸೆ ಹುಟ್ಟಿಸ್ಕೂಡಾದು." ಫಾರಂ ಮಡಿಸುತ್ತಾ, "ಅವರಿಗೆ ಸರಿ ಮಾಡ್ಕೋಬೇಕು ಅಂತ ಇದೆಯಾ, ಅದೂ ನಮಗೆ ತಿಳೀದು. ಯಾರೂ ಕೇಳಿಲ್ಲ ಅಲ್ವಾ?" ಅಂದಳು.

ನಿಖಿತಾಳ ಕಾಗದ ಬರೆದುಕೊಟ್ಟಿದ್ದಾಳೆ. ಕಿವಿ ಸರಿ, ಬಾಯಿ ಸರಿ, ಬುದ್ಧಿ ಸರಿ. ಅಕ್ಷರಗಳ ಕ್ರಮ ಮಾತ್ರ ಬೇರೆ ಕಲಿತಿದೆ. ವಾರಕ್ಕೆ ಎರಡು ದಿನ ಬಂದರೆ ಸರಿಹೋಗುತ್ತದೆ, ಒಂದನೇ ಕ್ಲಾಸಿಗೆ ಹತ್ತಿಸಲು ಯಾವ ಅಡ್ಡಿಯೂ ಇಲ್ಲ. ಇಂಥ ಒಂದು ಹಾಳೆ. ನಮ್ಮ ಕಾಲಕ್ಕೆ ಹಾಳೆ ಬೇಕಿರಲಿಲ್ಲ, ನಾಲ್ಕನೇ ಸಾಲಿನಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು.

೧೫ ಡಿಸೆಂಬರ್, ಬುಧವಾರ

ಶಾಲೆಯವರು ಕಾಗದ ಇಟ್ಟುಕೊಂಡು ಒಪ್ಪಿದರು. ಜೂನಿನಲ್ಲಿ ಒಂದನೇ ಕ್ಲಾಸು. ವಿನೋದಾ ಪಾಯಸ ಮಾಡಿಸಿದಳು.

ಬರುವಾಗ ಮೂಲೆ ಅಂಗಡಿಯಲ್ಲಿ ನಿಖಿತಾ "ತಡಲೈ ಮಿಟ್ಟಾಯಿ" ಅಂದಳು. ಅಂಗಡಿಯವನು ನನ್ನ ಕಡೆ ನೋಡಿದ. ನಾನು ಬಾಳೆಹಣ್ಣು ನೋಡುತ್ತಿದ್ದೆ. "ಎನ್ನಮ್ಮಾ?" ಎಂದು ಅವಳನ್ನೇ ಕೇಳಿದ. ಇನ್ನೊಮ್ಮೆ ಹೇಳಿದಳು. ಮೂರನೆಯ ಸಲ ಹೇಳಿ ಡಬ್ಬಿ ತೋರಿಸಿದಳು. ಕೊಟ್ಟ. ದಾರಿಯುದ್ದಕ್ಕೂ ತಾನೇ ಕಡಿದು ತಿಂದಳು, ನನಗೆ ಒಂದು ಚೂರೂ ಕೊಡಲಿಲ್ಲ.

ಬೆಳಿಗ್ಗೆಯಿಂದ ಮಾಡಲು ಕೆಲಸವೇ ಇಲ್ಲದಂತಿದೆ. ಅಕ್ಕಿ ಆರಿಸಿದ್ದನ್ನೇ ಮತ್ತೆ ಆರಿಸಿದೆ.

ಮಧ್ಯಾಹ್ನ ಬೆಳ್ಳಿ ಅಂಗಡಿಗೆ ಹೋಗಿ ಇನ್ನೊಂದು ನಾಲಿಗೆ ತಂದೆ.

೧೯ ಡಿಸೆಂಬರ್, ಭಾನುವಾರ

ಅಂದಾನಿ ಊರಿಗೆ ಹೊರಟಿದ್ದಾನೆ. ನಮ್ಮೂರಿನವನು, ನಂಜುಂಡನ ಮನೆಯ ಬೀದಿಯವನೇ. ಅಳಿಯಂದಿರ ಆಫೀಸಿನಲ್ಲಿ ಕೆಲಸ. ಹತ್ತು ದಿನ ರಜೆಯಂತೆ. ಏನಾದರೂ ಕೊಡುವುದಿದೆಯಾ ಎಂದು ಬೆಳಿಗ್ಗೆ ಬಂದಿದ್ದ.

ಮೊದಲು ಬೆಳ್ಳಿಯ ಪೊಟ್ಟಣ ಕೊಟ್ಟು ನಂಜುಂಡೇಶ್ವರನ ಹುಂಡಿಗೆ ಹಾಕಲು ಹೇಳಿದೆ. ಬಿಚ್ಚಿ ನೋಡಿದ. "ಎಲ್ಡು ನಾಲ್ಗೆ ಯಾಕ್ ಜಯಕ್ಕ? ಕೂಸು ಒಂದೇ ಅಲ್ವಾ?"

"ಒಂದು ಕೂಸಿಂದು."

"ಇನ್ನೊಂದು ಹುಚ್ಚವ್ವಂದಾ?"

"ಅವಳ ನಾಲಿಗೇಲಿ ಏನೂ ದೋಷ ಇಲ್ಲ ಕಣೋ. ಇನ್ನೊಂದು ನಂದು."

ಅವನಿಗೆ ಅರ್ಥವಾಗಲಿಲ್ಲ. ಕಾಪಿ ಕುಡಿದ.

ಆಮೇಲೆ ಅಳಿಯಂದಿರ ಟೇಪ್‌ರೆಕಾರ್ಡರನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು ಕೊಟ್ಟೆ. ಒಳಗೆ ಕ್ಯಾಸೆಟ್ಟಿದೆ. ನಿನ್ನೆ ಮಧ್ಯಾಹ್ನ ಯಾರೂ ಇಲ್ಲದಾಗ ಕೋಣೆಯಲ್ಲಿ ಕೂತು ಹೇಳಿದ್ದೇನೆ. ಅರ್ಧ ಗಂಟೆ ಮಾತಾಡಬೇಕೆಂದು ಕೂತವಳಿಗೆ ಬಂದದ್ದು ಇಷ್ಟೇ. "ಲೇ ಹುಚ್ಚಿ, ನಾನು ಕಣೆ, ನಿನ್ನ ದಯತ್ತ. ನೀನು ಆವತ್ತು ಶಾಲೇಲಿ ಕಪ್ಪೆ ಅಂದಿದ್ದು ಸರಿಯಾಗಿತ್ತು. ಕೆರೆಯಿಂದ ಗದ್ದೆಗೆ ಬರ್ತದೆ ಅಂದಿದ್ದೂ ಸರಿಯಾಗಿತ್ತು. ನಂಗೆ ಆವತ್ತೇ ತಿಳಿದಿತ್ತು. ಹೇಳ್ಲಿಲ್ಲ." ಆಮೇಲೆ ನನ್ನ ಉಸಿರು, ಹೊರಗೆ ಆಟೋ ಹೋದ ಸದ್ದು. ಉಳಿದದ್ದೆಲ್ಲ ಖಾಲಿ ಬಿಟ್ಟಿದ್ದೇನೆ.

ಯಾವ ಗುಂಡಿ ಒತ್ತಿದರೆ ಕೇಳುತ್ತದೆ, ಯಾವುದು ಒತ್ತಿದರೆ ಹಿಡಿಯುತ್ತದೆ, ಎಲ್ಲವನ್ನೂ ನಿಖಿತಾ ಅವನಿಗೆ ತೋರಿಸಿದಳು. "ತೆಂಪು ಒತ್ತು ಮಾಮ" ಅಂದಳು. ಅವನು "ಆಂ?" ಅಂದ. ನಾನು ಸುಮ್ಮನಿದ್ದೆ. "ಕೆಂಪಾ?" ಎಂದು ಅವನೇ ತಿಳಿದುಕೊಂಡ.

"ಸಂಜೆ ಹಾಲು ಕರೆದ ಮೇಲೆ ಕೊಟ್ಟಿಗೇಲಿ ಒಬ್ಬಳೇ ಇರ್ತಾಳೆ, ಆಗ ಹೋಗು" ಅಂದೆ. "ನಂಜುಂಡ ಆಗಲಿ ಅವನ ಹೆಂಡತಿ ಆಗಲಿ ಹತ್ತಿರ ಬರಬಾರದು. ಯಾರೂ ಅವಳ ಬದಲು ಮಾತಾಡಬಾರದು. ನೀನೂ ಹೂಂ, ಹೇಳು ಹೇಳು ಅನ್ನಬೇಡ. ನಂದು ಕೇಳಿಸಿ, ಕೆಂಪು ಒತ್ತಿ, ಸುಮ್ಮನೆ ಕೂತ್ಕೊ. ನಮಃ ಶಿವಾಯ ಹೇಳ್ಕೊ. ಹತ್ತು ಸಾಲದು ಅವಳಿಗೆ, ನೂರೆಂಟು ಹೇಳ್ಕೊ."

"ಆವಮ್ಮ ಮಾತಾಡದ್ನ ನಾನು ಕೇಳೇ ಇಲ್ವಲ್ಲಕ್ಕ. ಮಾತಾಡುದ್ರೂ ಅರ್ತಾಗ್ಬೇಕಲ್ಲ ನಂಗೆ."

"ನಿಂಗೆ ಆಗೋದು ಬೇಡ. ನಂಗಾಗುತ್ತೆ."

"ಏನೂ ಮಾತಾಡ್ದೆ ಸುಮ್ಕೆ ಕುಂತ್ಬುಟ್ರೆ?"

ಚೀಲದ ಬಾಯಿ ಇನ್ನೊಮ್ಮೆ ಬಿಗಿದು ಕಟ್ಟಿದೆ.

"ಟೇಪು ಓಡ್ತಾ ಇರಲಿ, ಕಣಪ್ಪ. ಸುಮ್ಮನಿದ್ದರೆ ಸುಮ್ಮನಿದ್ದದ್ದನ್ನೇ ಹಿಡಿದು ತಾ. ಎಮ್ಮೆ ಮೆಲುಕು ಹಾಕೋ ಸದ್ದಿದ್ದರೆ ಅದನ್ನೂ ತಾ. ಬೈದರೆ ಬೈದದ್ದನ್ನ. ಮರೀಬೇಡ ಅಂದಾನಿ, ನಿನ್ನ ಕೈ ಮುಗೀತೀನಿ. ಏನೇ ಆಗಲಿ, ಅವಳ ಉತ್ತರ ತಂದುಕೊಡು."